ಅಮ್ಮನ ತಂಬೂರಿ, ನಿನ್ನ ಡ್ರಾಪ್ ಡಿ

ಲೈಪ್‌ಜಿಗ್, ಜರ್ಮನಿ, ಭಾನುವಾರ ರಾತ್ರಿ

ಲೋ ಪುಟ್ಟ,

ಹೆಂಗಿದೀಯೋ? ವಾಟ್ಸಾಪಲ್ಲಿ ಬರೆದ್ರೆ ಎರಡು ಲೈನ್ ಓದಿ ಥಂಬ್ಸ್ ಅಪ್ ಒತ್ತಿ ಸುಮ್ನಾಗ್ತೀಯ, ಅದಕ್ಕೇ ಮೇಲ್ ಕಳಿಸ್ತಿದೀನಿ. ಅಮ್ಮ ಅಪ್ಪಂಗೂ ಓದಿ ಹೇಳು, ಅಪ್ಪನ ವಿಷಯ ಬಂದಾಗ ಮಾತ್ರ ಒಂಚೂರು ಮೆಲ್ಲಗೆ ಓದು.

ನಿನ್ನ ಗಿಟಾರ್ ಆಂಪ್ ವಿಷಯಕ್ಕೆ ಮತ್ತೆ ಜಗಳ ಆಯ್ತಂತೆ, ಅಮ್ಮ ಫೋನಲ್ಲಿ ಹೇಳಿದ್ರು. "ಅದೇನು ಸಂಗೀತಾನೋ ತಗಡು ಹರಿಯೋ ಸದ್ದೋ" ಅಂದ್ರಂತೆ ಅಪ್ಪ. ನಾನೂ ಊರಲ್ಲಿದ್ದಾಗ ಅದನ್ನೇ ಹೇಳ್ತಿದ್ದೆ, ಎಕ್ಸಾಮ್ ಟೈಮಲ್ಲಿ ನಿನ್ನ ರೂಮಿನ ಪ್ಲಗ್ ಕಿತ್ತಿದ್ದು ನೆನಪಿದೆ. 2011ರಲ್ಲಿ ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸ್‌ಗೆ ಮೆಟಲ್ ಬ್ಯಾಂಡ್ ಮೆಟಾಲಿಕಾ ಬಂದಾಗ ನೀನು ಸುಳ್ಳು ಹೇಳಿ ಹೋಗಿ ಕೆಸರು ಮೆತ್ಕೊಂಡಿರೋ ಶೂ ಸಮೇತ ಬೆಳಗಿನ ಜಾವ ಮೈಸೂರಿಗೆ ಬಂದು ಸಿಕ್ಕಿಬಿದ್ದೆಯಲ್ಲ, ಆಗಲೂ ಅಪ್ಪನ ಪರ ಮಾತಾಡಿದ್ದು ನಾನೇ. ಈಗ ಪಾರ್ಟಿ ಬದಲಾಯಿಸಿದೀನಿ ಕಣೋ.

ಇಲ್ಲಿ ಪ್ರತಿ ವರ್ಷ ಪೆಂಟೆಕೋಸ್ಟ್ ಹಬ್ಬದ ರಜೆಗೆ ವೇವ್ ಗೋಟಿಕ್ ಟ್ರೆಫೆನ್ ಅಂತ ಸಂಗೀತದ ಜಾತ್ರೆ ನಡೆಯತ್ತೆ, 1992ರಿಂದ. ಊರಿಗೆ ಊರೇ ಕಪ್ಪು ಬಟ್ಟೆ, ಟ್ರಾಮ್ ಹತ್ತಿದ್ರೆ ಪಕ್ಕದಲ್ಲಿ ಮೊಳೆ ಹೊಡೆದ ಜಾಕೆಟ್ಟು. ಆ ವಾರ ನಾನು ಥಾಮಸ್ ಚರ್ಚಿಗೆ ಆರ್ಗನ್ ಕೇಳಕ್ಕೆ ಹೋಗಿದ್ದೆ. ಸಂಗೀತಗಾರ ಬಾಕ್ 1723ರಿಂದ ಸಾಯೋವರೆಗೂ, ಅಂದ್ರೆ 1750ರವರೆಗೆ, ಕೆಲಸ ಮಾಡಿದ ಚರ್ಚ್ ಅದು, ಸಮಾಧಿನೂ ಒಳಗೇ ಇದೆ. ಪಕ್ಕದ ಬೆಂಚಿಗೆ ಬಂದು ಕೂತವನು ಯಾರು ಅಂತೀಯ, ಐವತ್ತು ದಾಟಿರೋ ಆಸಾಮಿ, ಸೊಂಟದವರೆಗೆ ಕೂದಲು, ಜಾಕೆಟ್ ತುಂಬ ಬ್ಯಾಂಡ್‌ಗಳ ಪ್ಯಾಚ್. ಇವನ್ಯಾಕೆ ಇಲ್ಲಿ ಅಂದ್ಕೊಂಡೆ. ಆರ್ಗನ್ ಶುರುವಾಯ್ತು ನೋಡು, ಆ ಮನುಷ್ಯ ಕಣ್ಣು ಮುಚ್ಚಿ ತಲೆ ಆಡ್ಸಕ್ಕೆ ಶುರು ಮಾಡ್ದ, ಥೇಟ್ ನೀನು ಹೆಡ್‌ಫೋನ್ ಹಾಕ್ಕೊಂಡು ಆಡ್ಸ್ತೀಯಲ್ಲ ಹಂಗೇ, ಸ್ವಲ್ಪ ನಿಧಾನಕ್ಕೆ ಅಷ್ಟೇ.

ನುಡಿಸಿದ್ದು ಬಾಕ್‌ದು ಅನ್ನೋ ಡಿ ಮೈನರ್ ಟೊಕಾಟ. ದೆವ್ವದ ಸಿನಿಮಾಗಳಲ್ಲಿ ಬರತ್ತಲ್ಲ ಅದೇ, ಅಮ್ಮಂಗೂ ಗೊತ್ತಿರತ್ತೆ. (ಅದು ಬಾಕ್ ಬರೆದಿದ್ದೇ ಅಲ್ಲ ಅಂತ ವಾದ ಮಾಡೋ ಪಂಡಿತರೂ ಇದಾರೆ, ಮಾಡ್ಕೊಳ್ಳಲಿ.) ಶುರುವಿನ ಆ ಕಿರುಚಾಟ ಬಿಡು, ಅದು ಎಲ್ಲರಿಗೂ ಗೊತ್ತು. ಅದಾದ್ಮೇಲೆ ಕಾಲಲ್ಲಿ ಕೆಳಗಿನ ಡಿ ಒತ್ತಿ ಹಿಡ್ಕೊಂಡು, ಅದರ ಮೇಲೆ ಒಂದೊಂದೇ ಸ್ವರ ಪೇರಿಸ್ತಾ ಹೋಗ್ತಾರೆ, ಪೂರ್ತಿ ಕೆಟ್ಟ ಕನಸಿನ ಥರ ಒಂದು ಕಾರ್ಡ್ ಕಟ್ಟಿ ನಿಲ್ಲಿಸ್ತಾರೆ, ಆಮೇಲೆ ಬಿಡಿಸ್ತಾರೆ. ಬೆಂಚು ನಡುಗ್ತಿತ್ತು ಕಣೋ. ದೊಡ್ಡ ಆರ್ಗನ್‌ಗಳಲ್ಲಿ 32 ಅಡಿ ಕೊಳವೆ ಇರತ್ತಂತೆ, ಅದರ ತೀರಾ ಕೆಳಗಿನ ಸ್ವರ ಸುಮಾರು 16 ಹರ್ಟ್ಜ್, ಕಿವಿಗಿಂತ ಹೊಟ್ಟೆಗೆ ಜಾಸ್ತಿ ಕೇಳತ್ತೆ. ನೀನು ಡ್ರಾಪ್ ಡಿ ಮಾಡಿದಾಗ, ಅಂದ್ರೆ ಗಿಟಾರಿನ ದಪ್ಪ ತಂತಿನ ಇ ಸ್ವರದಿಂದ ಡಿಗೆ ಇಳಿಸಿದಾಗಲೂ, ಅದು 73 ಹರ್ಟ್ಜ್, ಇದರಷ್ಟು ಕೆಳಗೆ ಹೋಗಲ್ಲ.

ಇನ್ನೊಂದು ವಿಷಯ ನನ್ನ ಆಫೀಸಲ್ಲಿ ಕ್ವಾಯರ್ ಹಾಡೋ ಒಬ್ಬಳು ಹೇಳಿದ್ದು. ಆರ್ಗನ್ನಲ್ಲಿ ಮಿಕ್ಸ್ಚರ್ ಅಂತ ಸ್ಟಾಪ್ (ಎಳೆಯೋ ಗುಬುಟು) ಇರತ್ತಂತೆ, ಅದನ್ನ ಎಳೆದ್ರೆ ಒಂದೇ ಕೀ ಒತ್ತಿದ್ರೂ ಹಲವು ಕೊಳವೆ ಒಟ್ಟಿಗೆ ಕೂಗ್ತವೆ, ಮೇಲಿನ ಪ, ಮೇಲಿನ ಸ ಹಿಂಗೆ. ಸ, ಪ, ಮೇಲಿನ ಸ. ನೀನು ಗಿಟಾರಲ್ಲಿ ಹಿಡಿಯೋ ಪವರ್ ಕಾರ್ಡ್ ತಾನೇ? ಅದನ್ನ ಕೇಳಿದ ತಕ್ಷಣ ನಂಗೆ ಅಮ್ಮನ ತಂಬೂರಿ ನೆನಪಾಯ್ತು. ಅಮ್ಮ, ನೀವೇ ಹೇಳಿ, ತಂಬೂರಿಲಿ ಇರೋದಾದ್ರೂ ಏನು, ಪ ಸ ಸ ಸ. ಇವನ ಗಿಟಾರ್ ಡ್ರಾಪ್ ಡಿ ಮಾಡಿದ್ರೆ ಕೆಳಗಿನ ಮೂರು ತಂತಿ ಡಿ, ಎ, ಡಿ, ಅಂದ್ರೆ ಸ ಪ ಸ. ಮೂವತ್ತು ವರ್ಷದಿಂದ ನೀವು ಬೆಳಗ್ಗೆ ಶ್ರುತಿ ಇಟ್ಕೊಂಡು ಕೂರೋದನ್ನೇ ಇವನು ಸಂಜೆ ಡಿಸ್ಟಾರ್ಶನ್ ಹಾಕಿ, ಸದ್ದು ಒರಟು ಮಾಡ್ಕೊಂಡು ಮಾಡ್ತಿದಾನೆ, ಅಷ್ಟೇ ವ್ಯತ್ಯಾಸ. ಸರಿ, ವ್ಯತ್ಯಾಸ ಸ್ವಲ್ಪ ಜಾಸ್ತಿನೇ ಇದೆ, ಒಪ್ಕೊಂಡೆ.

ಪುಟ್ಟ, ನೀನು ಯಾವಾಗ್ಲೂ ಅಪ್ಪನ ಹತ್ರ ಸ್ಪೀಡ್ ತೋರ್ಸಕ್ಕೆ ಹೋಗ್ತೀಯ, ಅದೇ ತಪ್ಪು. ಪಿಟೀಲಿನ ಪಗನಿನಿ, ಗಿಟಾರಿನ ಮಾಲ್ಮ್‌ಸ್ಟೀನ್, ಸೆಕೆಂಡಿಗೆ ಎಷ್ಟು ನೋಟ್ ಅಂತ. ಅಪ್ಪಂಗೆ ಅದು ಸರ್ಕಸ್. ಮಾಲ್ಮ್‌ಸ್ಟೀನ್ ಸುತ್ತೋ ಆ ಹಾರ್ಮೋನಿಕ್ ಮೈನರ್ ಅನ್ನೋ ಸ್ಕೇಲ್ ನಮ್ಮ ಕೀರವಾಣಿ ಸ್ವರಗಳೇ ಅಂತ ಹೇಳಿದ್ರೆ ಅಮ್ಮ ಆದ್ರೂ ಕಿವಿ ಕೊಡ್ತಾರೆ. ಅಪ್ಪಂಗೆ ವಿವಾಲ್ಡಿದು ಕೇಳ್ಸು, ಫೋರ್ ಸೀಸನ್ಸ್‌ನಲ್ಲಿ ಬೇಸಿಗೆ, ಅದರ ಮೂರನೇ ಭಾಗ. 1725ರಲ್ಲಿ ಅಚ್ಚಾಗಿದ್ದು. ಅದು ಆಲಿಕಲ್ಲು ಮಳೆ ಕಣೋ, ಜೊತೇಲಿ ಅಚ್ಚಾಗಿರೋ ಪದ್ಯದಲ್ಲೇ ಇದೆ, ಆಲಿಕಲ್ಲು ಬಿದ್ದು ತೆನೆಗಳ ತಲೆ ಹಾರಿಸತ್ತೆ ಅಂತ. ಪಿಟೀಲುಗಳೆಲ್ಲ ಒಂದೇ ಸ್ವರನ ಗರಗರ ಅಂತ ತೀಡ್ತವೆ, ನಿನ್ನ ಟ್ರೆಮೊಲೊ ಪಿಕಿಂಗೇ. ತಾತನ ಬಾಳೆತೋಟ ಒಂದೇ ರಾತ್ರಿಲಿ ಮಲಗಿದ್ದು ಅಪ್ಪ ನೋಡಿದಾರೆ, ಅವರಿಗೆ ಅದನ್ನ ಯಾರೂ ವಿವರಿಸಬೇಕಾಗಿಲ್ಲ.

ನಿಂಗೆ ಮಾತ್ರ ಅಂತ ಇಟ್ಟಿರೋದು ಬೇರೆ. ರಷ್ಯನ್ ಸಂಗೀತಗಾರ ಶೋಸ್ತಕೊವಿಚ್, ಎಂಟನೇ ಸ್ಟ್ರಿಂಗ್ ಕ್ವಾರ್ಟೆಟ್. 1960ರ ಜುಲೈನಲ್ಲಿ ಇಲ್ಲೇ ಡ್ರೆಸ್ಡೆನ್ ಹತ್ರದ ಗೋರಿಶ್ ಅನ್ನೋ ಊರಲ್ಲಿ ಮೂರೇ ದಿನದಲ್ಲಿ ಬರೆದಿದ್ದು, ಫ್ಯಾಸಿಸಂಗೆ, ಯುದ್ಧಕ್ಕೆ ಬಲಿಯಾದವರ ನೆನಪಿಗೆ ಅಂತ ಅರ್ಪಿಸಿದಾನೆ. ತನ್ನ ಹೆಸರಿನ ಅಕ್ಷರಗಳನ್ನೇ ನಾಲ್ಕು ಸ್ವರ ಮಾಡಿ ಮೊದಲಿಂದ ಕೊನೆವರೆಗೆ ಅದನ್ನೇ ತಿರುಗಿಸಿ ಮುರುಗಿಸಿ ನುಡಿಸ್ತಾನೆ. ಮೊದಲ ಭಾಗ ಹೊಗೆ ಥರ ನಿಧಾನ, ಬೋರ್ ಅಂತ ಸ್ಕಿಪ್ ಮಾಡ್ಬೇಡ, ಮಾಡಿದ್ರೆ ಎರಡನೇದು ಏಟು ಹೊಡೆಯಲ್ಲ. ಎರಡನೇದು ನಿಲ್ಲದೇ ಹಂಗೇ ಬಂದು ಮೇಲೆ ಬೀಳತ್ತೆ. ಆಂಪ್ ಇಲ್ಲ, ಪೆಡಲ್ ಇಲ್ಲ, ಡ್ರಮ್ಸ್ ಇಲ್ಲ, ಕುರ್ಚಿ ಮೇಲೆ ಕೂತಿರೋ ನಾಲ್ಕು ಜನ. ನಾನು ಟ್ರಾಮಲ್ಲಿ ಕೇಳ್ತಾ ನನ್ನ ಸ್ಟಾಪ್ ಬಿಟ್ಟು ಎರಡು ಸ್ಟಾಪ್ ಮುಂದೆ ಹೋಗಿ ಮಳೇಲಿ ನಡ್ಕೊಂಡು ಬಂದೆ.

ಅಪ್ಪ, ಇದು ನಿಮಗೆ. ನಮ್ಮ ಜಯಚಾಮರಾಜ ಒಡೆಯರು ಕೀರ್ತನೆ ಬರೆದಿದ್ದು ನಿಮಗೆ ಗೊತ್ತೇ ಇದೆ, ಅದೇ ಮಹಾರಾಜರು ಲಂಡನ್ನಲ್ಲಿ ಮೆಟ್ನರ್ ಅನ್ನೋ ರಷ್ಯನ್ ಸಂಗೀತಗಾರನ ರೆಕಾರ್ಡುಗಳಿಗೆ ದುಡ್ಡು ಕೊಟ್ಟಿದ್ರು. 1950ರಲ್ಲಿ ಆಲ್ಬರ್ಟ್ ಹಾಲಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡು ಮೊದಲ ಸಲ ಹಾಡಿಸಿದಾಗಲೂ ಹಿಂದೆ ನಿಂತಿದ್ದು ಅವರೇ. ಅರಮನೇಲೇ ಇಷ್ಟು ನಡೀತಿತ್ತು, ನಮ್ಮನೆ ಮಹಡಿ ರೂಮಲ್ಲಿ ಸಂಜೆ ಒಂದು ಗಂಟೆ ನಡೆದ್ರೆ ಏನಾಗತ್ತೆ ಹೇಳಿ. ಆರರಿಂದ ಏಳು, ಪಕ್ಕದ್ಮನೆ ಅಜ್ಜಿ ದೇವಸ್ಥಾನಕ್ಕೆ ಹೋಗಿರೋ ಹೊತ್ತು. ಪುಟ್ಟ, ನೀನೂ ಆಂಪನ್ನ ಗೋಡೆಗೆ ಒರಗಿಸಿ ಇಡಬೇಡ, ಸದ್ದೆಲ್ಲ ಕೆಳಗಿನ ಹಾಲಿಗೆ ಇಳಿಯತ್ತೆ.

ಆಮೇಲೆ ಒಂದು ಕೆಲಸ ಮಾಡು. ಅಮ್ಮನ ಶ್ರುತಿ ಪೆಟ್ಟಿಗೆನ ಡಿಗೆ ಇಟ್ಟು (ಅಮ್ಮನ ಶ್ರುತಿ ಅಲ್ಲ ಅದು, ಬೇಜಾರಾಗ್ತಾರೆ, ಕೇಳೇ ಇಸ್ಕೋ) ಅದರ ಮೇಲೆ ನೀನು ನಿಧಾನಕ್ಕೆ ಒಂದು ರಿಫ್ ನುಡ್ಸು, ಫಾಸ್ಟ್ ಬೇಡ, ಅಮ್ಮಂಗೆ ಮನಸ್ಸು ಬಂದ್ರೆ ಎರಡು ಸಾಲು ಆಲಾಪ ಮಾಡ್ಲಿ. ಫೋನಲ್ಲೇ ರೆಕಾರ್ಡ್ ಮಾಡಿ ಕಳ್ಸು. ಹಿಂದೆ ಅಪ್ಪ ಬೈಯೋದು ಕೇಳಿದ್ರೆ ಕಟ್ ಮಾಡ್ಬೇಡ, ಅವರ ಧ್ವನಿ ಕೇಳಿ ಹತ್ತು ದಿನ ಆಯ್ತು.

ಚಟ್ನಿಪುಡಿ ಮುಗೀತು ಅಂತ ಅಮ್ಮಂಗೆ ಹೇಳು.

ನಿನ್ನ
ಅಕ್ಕ