ಪುಲ್ಲಿ ಬದಲಿಸುವ ಮುಂಚೆ ಇದನ್ನು ಓದು ಮಂಜು

ಚಿ. ಮಂಜುಗೆ ಮಾಮಾನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಕೇಳಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಸೂಪರ್‌ಚಾರ್ಜರ್‌ಗೆ ಚಿಕ್ಕ ಪುಲ್ಲಿ (ಬೆಲ್ಟ್ ಓಡುವ ಗಾಲಿ) ಹಾಕಿಸಿದರೆ ಎರಡು ಪಿಎಸ್ಐ ಬೂಸ್ಟ್, ಅಂದರೆ ಅಷ್ಟು ಹೆಚ್ಚಿನ ಗಾಳಿಯ ಒತ್ತಡ, ಪುಕ್ಕಟೆ ಸಿಗುತ್ತೆ ಅಂದೆಯಲ್ಲ. ಸಿಗುತ್ತೆ. ಪುಕ್ಕಟೆ ಅಲ್ಲ.

ನಿನ್ನ ಸೂಪರ್‌ಚಾರ್ಜರ್ ರೂಟ್ಸ್ ಬ್ಲೋವರ್ ಅನ್ನುವ ಜಾತಿಯದು. ಒಂದು ಸುತ್ತಿಗೆ ಇಷ್ಟು ಗಾಳಿ ಅಂತ ಅಳೆದು ತಳ್ಳುತ್ತೆ, ಅಷ್ಟೇ ಅದರ ಕೆಲಸ. ಇಂಜಿನ್ ನುಂಗಲಾರದ ಗಾಳಿ, ಒಳಗೆ ಗಾಳಿ ಹೋಗುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ಒತ್ತಿಕೊಂಡು ಕೂರುತ್ತಲ್ಲ, ಗೇಜಿನಲ್ಲಿ ನೀನು ನೋಡುವ ಬೂಸ್ಟ್ ಅದೇ. ಹಾಗಾಗಿ ಎಕ್ಸಾಸ್ಟ್ ಸಲೀಸು ಮಾಡಿದರೆ ಗೇಜ್ ಸ್ವಲ್ಪ ಇಳಿದರೂ ಗಾಡಿ ಇನ್ನೂ ಚೆನ್ನಾಗಿ ಎಳೆಯಬಹುದು.

ಈಗ ಲೆಕ್ಕ ನೋಡು. ಇಂಜಿನ್ನಿನ ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಬೆಲ್ಟಿನಿಂದ ಅದು ತಿರುಗಿಸುವ ಬ್ಲೋವರ್ ಪುಲ್ಲಿ 75 ಅಂತಿಟ್ಟುಕೋ. ಇಂಜಿನ್ 6000 ಆರ್‌ಪಿಎಂ ತಿರುಗಿದರೆ ಬ್ಲೋವರ್ 12000. ಆ 75ನ್ನು 68 ಮಾಡಿದರೆ 13200 ದಾಟುತ್ತೆ. ಬರೀ 7 ಮಿ.ಮೀ.ಗೆ ಹತ್ತು ಪರ್ಸೆಂಟ್ ವೇಗ ಜಾಸ್ತಿ! 8 ಪಿಎಸ್ಐ ಇದ್ದದ್ದು 8.8 ಆಗುತ್ತೆ ಅಂತ ಸುಮ್ನೆ ಗುಣಿಸಬೇಡ, ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿಕೊಂಡು ಗುಣಿಸಬೇಕು. ನಮ್ಮ ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಮೇಲಿದೆ, ಇಲ್ಲಿ ಅದು 13.7 ಪಿಎಸ್ಐ ಹತ್ತಿರ. ಎರಡೂ ಸೇರಿ 21.7, ಅದಕ್ಕೆ ಹತ್ತು ಪರ್ಸೆಂಟ್ ಕೂಡಿಸಿ, ಮತ್ತೆ 13.7 ಕಳೆದರೆ 10 ದಾಟಿತು. ಅದೇ ಗಾಡಿ ಘಾಟ್ ಇಳಿದು ಮುಂಬೈಗೆ ಹೋದರೆ ಇನ್ನೂ ಸ್ವಲ್ಪ ಏರುತ್ತೆ. ಇದು ಕಾಗದದ ಲೆಕ್ಕ. ಬಿಸಿ, ಸೋರಿಕೆ ಸೇರಿದರೆ ಆಚೀಚೆ ಆಗುತ್ತೆ.

ಬಿಸಿಯದ್ದೇ ನನಗೆ ಭಯ. ಗಾಳಿಯನ್ನು ಒತ್ತಿದಷ್ಟೂ ಕಾಯುತ್ತೆ, ಕಾದ ಗಾಳಿಯಲ್ಲಿ ಪೆಟ್ರೋಲ್, ಕಿಡಿಯಿಂದ ಹೊತ್ತಿದ ಉರಿ ತಲುಪುವ ಮುಂಚೆಯೇ ತಾನಾಗಿ ಹೊತ್ತಿಕೊಂಡು ಇಂಜಿನ್ನಿನೊಳಗೆ ಬಡಿಯುತ್ತೆ, ಅದೇ ನಾಕ್. ನನ್ನ ಹಳೇ ಗಾಡಿಗೆ ಹೀಗೇ ಪುಲ್ಲಿ ಬದಲಿಸಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮುಟ್ಟದೆ, ಪೆಟ್ರೋಲ್ ಮತ್ತು ಕಿಡಿಯ ಲೆಕ್ಕ ಹೊಂದಿಸುವ ಟ್ಯೂನ್ ಮಾಡಿಸದೆ ಬೆಳಗಾವಿಗೆ ಹೊರಟಿದ್ದೆ. ಖಂಬಾಟ್ಕಿ ಘಾಟಿನಲ್ಲಿ ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದ ಹಾಗೆ ಕಟಕಟ ಸದ್ದು ಬಂತು. ಮೇಲೆ ಹೋಗಿ ನಿಲ್ಲಿಸೋಣ ಅಂತ ಆಕ್ಸಿಲರೇಟರ್ ಒತ್ತಿದೆ. ಮೇಲೆ ಮುಟ್ಟುವಷ್ಟರಲ್ಲಿ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆದಿತ್ತು. ನಿಮ್ಮಮ್ಮ, ನೀನು ಇಬ್ಬರೂ ಹಿಂದಿನ ಸೀಟಿನಲ್ಲಿದ್ದಿರಿ, ನಿನಗೆ ನಾಲ್ಕು ವರ್ಷ.

ಬೆಲ್ಟೂ ನೋಡು. ಚಿಕ್ಕ ಪುಲ್ಲಿಗೆ ಸುತ್ತಿಕೊಳ್ಳುವ ಭಾಗ ಕಡಿಮೆ, ಜಾರುತ್ತೆ. ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಏರುವ ಬದಲು ಬಿದ್ದರೆ ಮೊದಲು ಅಲ್ಲೇ ಹುಡುಕು. ಬ್ಲೋವರ್ ಎಷ್ಟು ವೇಗದವರೆಗೆ ತಡೆಯುತ್ತೆ ಅಂತ ತಯಾರಕರ ಕಾಗದದಲ್ಲಿ ಇರುತ್ತೆ, ಅದನ್ನು ದಾಟಲೇಬೇಡ.

ದುಡ್ಡು ಈಗಲೇ ಕೊಡಬೇಡ ಮಂಜು. ಶನಿವಾರ ಗಾಡಿ ತಗೊಂಡು ಭೋಸರಿಗೆ ಬಾ, ಎರಡೂ ಪುಲ್ಲಿಯನ್ನು ವರ್ನಿಯರ್‌ನಲ್ಲಿ ಅಳೆಯೋಣ. ಮೊದಲು ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಇಂಜೆಕ್ಟರ್, ಟ್ಯೂನಿಂಗ್, ಕೊನೆಗೆ ಪುಲ್ಲಿ. ಆ ಟ್ಯೂನಿಂಗ್ ಖರ್ಚಿನಲ್ಲಿ ಅರ್ಧ ನಾನೇ ಹಾಕುತ್ತೇನೆ, ಅಕ್ಕನಿಗೆ ಹೇಳಬೇಡ.

ನಿನ್ನ ಮಾಮಾ