ಸಂಧ್ಯಾಗೆ, ವಕೀಲ ಲಿಂಕನ್ ಬಗ್ಗೆ

ಚಿ. ಸಂಧ್ಯಾಗೆ ಸೋದರಮಾವನ ಆಶೀರ್ವಾದಗಳು.

ನಿನಗೆ ವಕೀಲಿಕೆಯ ಸನ್ನದು ಸಿಕ್ಕಿದ್ದು ಕೇಳಿ ಮನಸ್ಸು ತುಂಬಿ ಬಂತು. ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿದ್ದ ನಾಲ್ಕು ವರ್ಷದ ಕಥೆ ನಿನಗೆ ಗೊತ್ತು. ಅದಕ್ಕೂ ಮೊದಲು ಇಲಿನಾಯ್ಸ್‌ನಲ್ಲಿ ಸುಮಾರು 24 ವರ್ಷ ವಕೀಲಿಕೆ ಮಾಡಿದ ಲಿಂಕನ್‌ರನ್ನು ಈಗ ಓದು.

ಅವರು ಶಾಲೆಗೆ ಹೋದದ್ದು ಎಲ್ಲ ಸೇರಿಸಿದರೂ ಒಂದು ವರ್ಷವಾಗದು. ಕಾನೂನನ್ನು ತಾವೇ ಓದಿಕೊಂಡು 1836ರಲ್ಲಿ ಸನ್ನದು ಪಡೆದರು. ಕಿರಿಯ ವಕೀಲರಿಗೆಂದು ಅವರು ಬರೆದಿಟ್ಟ ಟಿಪ್ಪಣಿಯ ತಿರುಳು ಇಷ್ಟು: ಇವತ್ತು ಆಗುವ ಕೆಲಸವನ್ನು ನಾಳೆಗೆ ಇಡಬೇಡ. ಸಂಗತಿಗಳು ಕೈಗೆ ಬಂದ ಕೂಡಲೇ ದಾವಾಪತ್ರ ಬರೆದುಬಿಡು. ಕಾನೂನಿನ ಪ್ರಶ್ನೆ ಇದ್ದರೆ ಪುಸ್ತಕ ತೆಗೆದು ನೋಡಿ, ನೆಚ್ಚಿಕೊಂಡ ಆಧಾರವನ್ನು ಅದೇ ಕಾಗದದ ಮೇಲೆ ಗುರುತು ಹಾಕು, ಬೇಕಾದಾಗ ಹುಡುಕುವಂತಾಗಬಾರದು. ಪಾಲುವಿಭಾಗ, ಸಾಲ ವಸೂಲಿಯಂಥ ಕೇಸುಗಳಲ್ಲಿ ಹಕ್ಕುಪತ್ರಗಳನ್ನು ಮೊದಲೇ ಪರಿಶೀಲಿಸಿ, ಆದೇಶದ ಕರಡನ್ನೂ ತಯಾರಿಡು. ಫೀಸು ಪೂರ್ತಿ ಮುಂಗಡ ತೆಗೆದುಕೊಳ್ಳಬೇಡ, ಕೆಲಸದ ಮೇಲಿನ ಆಸ್ಥೆ ಹೋಗುತ್ತದೆ. ರಾಜಿಯಾಗುವಂತಿದ್ದರೆ ರಾಜಿ ಮಾಡಿಸು.

ಕಾಗದ ಇಡುವ ವಿಷಯದಲ್ಲಿ ಮಾತ್ರ ಅವರನ್ನು ಅನುಸರಿಸಬೇಡಮ್ಮ. ಬಂದ ಪತ್ರವೊಂದನ್ನು ತಮ್ಮ ಹ್ಯಾಟಿನೊಳಗಿಟ್ಟುಕೊಂಡು, ಮರುದಿನ ಹೊಸ ಹ್ಯಾಟು ಕೊಂಡರು. ಹಳೆಯದರ ಜೊತೆ ಪತ್ರವೂ ಮೂಲೆಗೆ ಬಿತ್ತು. 1850ರಲ್ಲಿ ಇದನ್ನೇ ಹೇಳಿ ಕ್ಷಮೆ ಕೇಳಬೇಕಾಯಿತು.

ಪಾಟೀಸವಾಲಿಗೆ 1858ರ ಡಫ್ ಆರ್ಮ್‌ಸ್ಟ್ರಾಂಗ್ ಕೊಲೆ ಮೊಕದ್ದಮೆ ನೋಡು. ಡಫ್ ಆರೋಪಿ, ಲಿಂಕನ್ ಅವನ ಪರ ವಕೀಲರು. ರಾತ್ರಿ ಹನ್ನೊಂದರ ಸುಮಾರಿಗೆ, ಚಂದ್ರ ಮೇಲಿದ್ದ, ಆ ಬೆಳಕಲ್ಲಿ ಹೊಡೆದದ್ದು ಕಂಡೆ ಎಂದ ಸಾಕ್ಷಿ. ಲಿಂಕನ್ ತಕ್ಷಣ ಅಲ್ಲಗಳೆಯಲಿಲ್ಲ. ಚಂದ್ರನ ಮಾತನ್ನು ಅವನ ಬಾಯಿಂದಲೇ ಮತ್ತೆ ಮತ್ತೆ ಹೇಳಿಸಿದರು. ಅವನು ಹಿಂದೆ ಸರಿಯಲಾಗದಷ್ಟು ಗಟ್ಟಿಯಾದ ಮೇಲೆ ಪಂಚಾಂಗ ತೆಗೆದರು. ಆ ಹೊತ್ತಿಗೆ ಚಂದ್ರ ದಿಗಂತದ ಹತ್ತಿರ ಇಳಿದಿದ್ದ. ಪುಸ್ತಕವನ್ನು ಮೊದಲೇ ತೋರಿಸಿದ್ದರೆ ಸಾಕ್ಷಿ ಹೊತ್ತನ್ನು ಸಡಿಲಿಸಿಕೊಳ್ಳುತ್ತಿದ್ದ. ಪಂಚಾಂಗವೊಂದನ್ನೇ ನಂಬಿ ಕೂರಲೂ ಇಲ್ಲ, ಪೆಟ್ಟಿನ ಬಗ್ಗೆ ವೈದ್ಯರ ಸಾಕ್ಷ್ಯವನ್ನೂ ಹಾಜರುಪಡಿಸಿದರು. ಡಫ್ ಖುಲಾಸೆಯಾದ.

1860ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಕೂಪರ್ ಯೂನಿಯನ್ ಎಂಬ ವಿದ್ಯಾಸಂಸ್ಥೆಯಲ್ಲಿ ಮಾಡಿದ ಭಾಷಣವೂ ಇದೇ ಕಸುಬು. ಇನ್ನೂ ರಾಜ್ಯಗಳಾಗದ ಹೊಸ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ನಿಯಂತ್ರಿಸುವ ಅಧಿಕಾರ ಕೇಂದ್ರಕ್ಕಿದೆಯೇ? ಸಂವಿಧಾನಕ್ಕೆ ಸಹಿ ಹಾಕಿದ 39 ಜನರ ನಡೆಯನ್ನು ಹಳೇ ದಾಖಲೆಗಳಲ್ಲಿ ಹುಡುಕಿ, ಆ ಅಧಿಕಾರ ಇದೆಯೆಂದು 21 ಜನ ಒಪ್ಪಿ ನಡೆದುಕೊಂಡಿದ್ದರೆಂದು ಎಣಿಸಿ ತೋರಿಸಿದರು. ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಜನ ಅವರನ್ನು ಗಂಭೀರವಾಗಿ ನೋಡತೊಡಗಿದ್ದು ಅಲ್ಲಿಂದ. ಆ ಭಾಷಣದ ಮೊದಲ ಭಾಗವನ್ನು ಪೆನ್ಸಿಲ್ ಹಿಡಿದು ಓದು, ದಾವಾಪತ್ರ ಓದುವ ಹಾಗೆ.

ಇಂತಿ ನಿನ್ನ ಮಾವ