ಕಳ್ಳಿ ತೋಟಕ್ಕೆ ಏರುಮಡಿ ಮಾಡಿಸಿಕೊಡಿ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ವಂದನೆಗಳು.

ಚಿತ್ರದುರ್ಗ ಜಿಲ್ಲೆಯ ಬಿಸಿಲಿನಲ್ಲೇ ಹುಟ್ಟಿ ಬೆಳೆದು, ಇಲ್ಲಿಯ ಮಕ್ಕಳಿಗೆ 34 ವರ್ಷ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ನಮ್ಮೂರಿನ ಸಾರ್ವಜನಿಕ ಉದ್ಯಾನದಲ್ಲಿರುವ ಕಳ್ಳಿ ತೋಟದ ವಿಷಯವಾಗಿ ಸಂಬಂಧಪಟ್ಟವರಿಗೆ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸ್ವೀಕೃತಿಯ ಮೊಹರು ಬಿತ್ತೇ ಹೊರತು ಉತ್ತರ ಬರಲಿಲ್ಲ. ಆದ್ದರಿಂದ ಎಲ್ಲರೂ ಓದುವಂತೆ ತಮಗೆ ಬರೆಯುತ್ತಿದ್ದೇನೆ. ಈ ಮುಂಗಾರು ಹಿಡಿಯುವ ಮೊದಲು ಆ ತೋಟವನ್ನು ಏರುಮಡಿಗಳ, ಅಂದರೆ ನೆಲಮಟ್ಟಕ್ಕಿಂತ ಎತ್ತರಿಸಿದ ಮಡಿಗಳ ಮೇಲೆ ಮತ್ತೆ ಕಟ್ಟಿಸಿಕೊಡಿ, ಮುಚ್ಚಿಹೋಗಿರುವ ಚರಂಡಿಯನ್ನು ಬಿಡಿಸಿಕೊಡಿ.

1987ರಲ್ಲಿ ನನ್ನ ವಿದ್ಯಾರ್ಥಿಗಳೇ ಅಲ್ಲಿ ಮೊದಲ ಗಿಡಗಳನ್ನು ನೆಟ್ಟವರು. ಬೀಳುವ ಅಲ್ಪ ಮಳೆಯನ್ನು ಹಿಡಿದಿಡಬೇಕೆಂದು ಆಗ ಮಡಿಗಳನ್ನು ತಗ್ಗಾಗಿ ತೋಡಿದ್ದೆವು. ಮಳೆನೆರಳಿನ ಈ ನೆಲದಲ್ಲಿ ಅಂದಿಗೆ ಅದು ಸರಿಯಾಗಿಯೇ ಇತ್ತು. ಇಂದು ಮಳೆಯ ರೀತಿ ಬದಲಾಗಿದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ: 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ 2022ರಲ್ಲಿ ಮತ್ತೆ ಕೋಡಿ ಬಿತ್ತು, ಮರುವರ್ಷವೇ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು, 2025ರ ಜನವರಿಯಲ್ಲಿ ಅದೇ ಜಲಾಶಯ ಮತ್ತೊಮ್ಮೆ ತುಂಬಿ ಹರಿಯಿತು. ಜಲಾಶಯಕ್ಕೆ ಭದ್ರೆಯ ನೀರೂ ಸೇರಿತ್ತು, ನಿಜ. ಆದರೆ ಒಂದು ವರ್ಷ ಗಂಟಲು ಒಣಗಿಸಿ ಇನ್ನೊಂದು ವರ್ಷ ಒಂದೇ ರಾತ್ರಿಯಲ್ಲಿ ಸುರಿಯುವ ಮಳೆಯನ್ನು ಈ ಜಿಲ್ಲೆಯ ರೈತರೆಲ್ಲ ಕಂಡಿದ್ದಾರೆ. ಕಳ್ಳಿ ಬರವನ್ನು ತಾಳುತ್ತದೆ. ಬುಡದಲ್ಲಿ ನೀರು ನಿಂತರೆ ಬೇರಿಗೆ ಉಸಿರಿಲ್ಲದೆ, ಶಿಲೀಂಧ್ರ ಹತ್ತಿ, ಕೊಳೆತು ಸಾಯುತ್ತದೆ.

ಕಳೆದ ಮಳೆಗಾಲದಲ್ಲಿ ಆದದ್ದು ಇದೇ. ವಾಯುವಿಹಾರದ ಹಾದಿಗೆ ಕಾಂಕ್ರೀಟ್ ಹಾಕಿದಾಗ ಗುತ್ತಿಗೆದಾರರು ಚರಂಡಿಯ ಬಾಯನ್ನೂ ಮುಚ್ಚಿದ್ದರಿಂದ ತಗ್ಗಿನ ಮಡಿಗಳಲ್ಲಿ ನಾಲ್ಕು ದಿನ ನೀರು ನಿಂತಿತು. ಮಡಕೆಯಂತೆ ದುಂಡಗಿದ್ದ ಕಳ್ಳಿಗಳು ಬುಡದಿಂದ ಮೆತ್ತಗಾಗಿ ಒಂದೊಂದೇ ವಾಲಿದವು. ಆದರೆ ಕಂಬದಂತೆ ಎರಡಾಳೆತ್ತರ ಬೆಳೆದಿದ್ದ ಕಳ್ಳಿಯ ಬುಡ ಗಟ್ಟಿಯಾಗಿಯೇ ಇತ್ತು. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಮುದುಡುವ ಅದರ ಬಿಳಿ ಹೂವನ್ನು ತೋರಿಸಲು ನಾನು ಎಷ್ಟೋ ತಂಡದ ಮಕ್ಕಳನ್ನು ನಸುಕಿನಲ್ಲೇ ಕರೆದೊಯ್ದಿದ್ದೆ. ಒಂದು ಬೆಳಿಗ್ಗೆ ನಾನು ಹೋದಾಗ ಕೆಲಸಗಾರರು ಅದನ್ನು ಬುಡಸಹಿತ ಕಿತ್ತು, ನಾಲ್ಕು ತುಂಡು ಮಾಡಿ, ಕಸದ ಟ್ರ್ಯಾಕ್ಟರಿಗೆ ಎಸೆದಿದ್ದರು. "ಮೇಲಿನವರು ಹೇಳಿದ್ದಾರೆ, ಇಲ್ಲಿ ಹುಲ್ಲುಹಾಸು ಬರುತ್ತೆ" ಎಂದರು. 68ರ ಈ ವಯಸ್ಸಿನಲ್ಲಿ ಆ ಟ್ರ್ಯಾಕ್ಟರಿನ ಹಿಂದೆ ಓಡಿ, ಕೈಗೆಲ್ಲ ಮುಳ್ಳು ಚುಚ್ಚಿಸಿಕೊಂಡು ಒಂದು ತುಂಡನ್ನು ಇಳಿಸಿಕೊಂಡೆ. ನನ್ನನ್ನು ತಡೆಯಲು ಬಂದ ಮೇಲ್ವಿಚಾರಕ ಒಂದು ಕಾಲಕ್ಕೆ ನನ್ನ ತರಗತಿಯಲ್ಲಿಯೇ ಕುಳಿತಿದ್ದ ಹುಡುಗ. ಅವನು ತಲೆ ತಗ್ಗಿಸಿದ. ಆಜ್ಞೆ ಕೊಟ್ಟವರು ಯಾರೆಂಬುದನ್ನು ಮಾತ್ರ ಇಂದಿಗೂ ಯಾರೂ ಹೇಳುತ್ತಿಲ್ಲ.

ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆಯೇ ಇದೆ. ಶಾಸನ ಸಭೆಯಲ್ಲಿ ಕೂರುವ ತಮಗೆ ಅದನ್ನು ನಾನು ಓದಿ ಹೇಳಬೇಕಾಗಿಲ್ಲ. ನನಗೆ ತಿಳಿಯದಿರುವುದು ಇಷ್ಟೇ: ನಮ್ಮ ಬೀದಿಗೆ ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುವಾಗ, ಮಂಡಿನೋವಿನ ನನ್ನ ಹೆಂಡತಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವಾಗ, ನೀರೇ ಬೇಡದ ಗಿಡಗಳನ್ನು ಕಿತ್ತು ದಿನವೂ ನೀರು ಬೇಡುವ ಹುಲ್ಲನ್ನು ಹಾಸಿ, ಅದಕ್ಕೆ ಮಟಮಟ ಮಧ್ಯಾಹ್ನ ಟ್ಯಾಂಕರ್ ನೀರು ಹರಿಸುವ ಯೋಚನೆ ಯಾರಿಗೆ ಬಂತು? ಇದು ಅನ್ಯಾಯ, ಸ್ವಾಮಿ. ಇದಕ್ಕಿಂತ ಸೌಮ್ಯವಾದ ಮಾತು ನನಗೆ ಸಿಗುತ್ತಿಲ್ಲ.

ಉಳಿದ ಗಿಡಗಳಿಗೆ ಮಳೆಯದೊಂದೇ ಭಯವಲ್ಲ, ಸೆಕೆಯದೂ ಇದೆ. ಕಳ್ಳಿ ಹಗಲು ತನ್ನ ರಂಧ್ರಗಳನ್ನು ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತದೆ. ರಾತ್ರಿಯೂ ಕಾವು ಇಳಿಯದಿದ್ದರೆ ಅದು ಸೊರಗುತ್ತದೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅಲ್ಲಿಯ ಮಣ್ಣಿನ ಮಕ್ಕಳಾದ ಸಾಗ್ವಾರೊ ಕಳ್ಳಿಗಳೇ ತೋಳು ಕಳಚಿಕೊಂಡು ಉರುಳಿದವು. ನಮ್ಮ ತೋಟದಲ್ಲಿ ರಾತ್ರಿಯೆಲ್ಲ ಕಾವು ಬಿಡುವ ಕಾಂಕ್ರೀಟನ್ನು ಗಿಡದ ಬುಡದವರೆಗೂ ಹಾಕಲಾಗಿದೆ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ದಪ್ಪ ಮರಳು, ಜಲ್ಲಿ, ಒಡೆದ ಹೆಂಚು ಬೆರೆಸಿ ಮೊಣಕಾಲೆತ್ತರದ ಏರುಮಡಿ ಮಾಡಿಸಿ. ಎಳೆಯ ಗಿಡಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ನೆರಳುಬಲೆ ಕಟ್ಟಿಸಿ, ಮುಂದಿನ ವರ್ಷಗಳ ನೆರಳಿಗೆ ಕಮರ ಮತ್ತು ಬನ್ನಿಯನ್ನು ನೆಡಿಸಿ. ಗೀರಿದರೆ ಹಾಲು ಸುರಿಸುವ ನಮ್ಮ ನೆಲದ ಚದುರಗಳ್ಳಿಗೂ, ಬಂಡೆಗೆ ಹಬ್ಬುವ ಮಂಗರವಳ್ಳಿಗೂ ಜಾಗ ಕೊಡಿ. ಅವು ಈ ಬಿಸಿಲನ್ನು ಬಲ್ಲವು. ಹೆಚ್ಚಿನ ನೀರು ತೊಟ್ಟಿಗೆ ಹರಿಯಲಿ. ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಇಳಿಯುವಂತೆ ಕೋಟೆಯಲ್ಲಿ ನೀರು ಕಟ್ಟಿದವರ ಜಿಲ್ಲೆ ನಮ್ಮದು. ಗಿಡ ಬಲ್ಲ ಒಬ್ಬ ಮಾಲಿಯನ್ನು ಕಾಯಂ ಆಗಿ ನೇಮಿಸಿ. ಆದರೆ ಮೊದಲು ಏರುಮಡಿ ಮತ್ತು ಚರಂಡಿ. ಉಳಿದದ್ದು ಆಮೇಲೆ ಆದರೂ ಆದೀತು, ಇವೆರಡು ಮಳೆಗೆ ಮುಂಚೆಯೇ ಆಗಬೇಕು.

ನಾನು ತಂದ ತುಂಡನ್ನು ಎರಡು ವಾರ ನೆರಳಲ್ಲಿ ಒಣಗಿಸಿ, ಹಳೆಯ ಎಣ್ಣೆ ಡಬ್ಬದಲ್ಲಿ ಮರಳು ತುಂಬಿ ನೆಟ್ಟಿದ್ದೆ. ಈಗ ಬೇರು ಬಿಟ್ಟಿದೆ, ಡಬ್ಬ ಸಾಲದಾಗಿದೆ. ತಾವು ಒಂದು ದಿನ ಗೊತ್ತುಮಾಡಿ ತೋಟಕ್ಕೆ ಬನ್ನಿ, ನೀರು ನಿಲ್ಲುವ ಜಾಗವನ್ನು ನಾನೇ ತೋರಿಸುತ್ತೇನೆ. ಏರುಮಡಿ ಯಾವ ತಾರೀಖಿನೊಳಗೆ ಆಗುತ್ತದೆ ಎಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಶಿಕ್ಷಕ,
ಚಿತ್ರದುರ್ಗ ಜಿಲ್ಲೆ